200 ಯೂನಿಟ್ ಒಳಗ ಎಸಿ ಹಚ್ಚೋದು ಹ್ಯಾಂಗ: ರಾಯಚೂರು ಬ್ಯಾಸಗಿಗೆ ಥರ್ಮೋಸ್ಟಾಟ್ ಸೆಟ್ಟಿಂಗ್

ನಮ್ಮ ಅಕ್ಕನ ಮಗ ಅಮೆರಿಕದಾಗ ಅದಾನ, ಹೋದ ವರ್ಷ ಊರಿಗೆ ಬಂದಾಗ ಚಾಕಲೇಟು, ಸೆಂಟ್ ಬಾಟ್ಲಿ ಎಲ್ಲಾ ಕೊಟ್ಟು ಕಡೀಕ ಒಂದ್ ಡಬ್ಬಿ ತಗದ, "ಮಾಮಾ, ಇದು ಥರ್ಮೋಸ್ಟಾಟ್ ರೀ, ಗ್ವಾಡಿಗೆ ಹಾಕಸ್ರಿ, ಕರೆಂಟ್ ಬಿಲ್ ಅರ್ಧ ಆಗ್ತದ" ಅಂದ. ಗುಂಡಕ ಭಾರಿ ಚಂದ ಇತ್ತು ರೀ. ನಾನೂ ಖುಷಿಲೆ ಎಲೆಕ್ಟ್ರಿಷಿಯನ್‌ನ ಕರಸ್ದೆ, ಅವ ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿ, ಹಿಂದ ಇರೋ ಸಣ್ಣ ಸಣ್ಣ ವೈರ್ ತೂತು ಎಣಿಸಿ, "ಸರ್ ಇದಕ್ಕ 230 ವೋಲ್ಟ್ ಕೊಟ್ರ ಇಲ್ಲೇ ಹೊಗಿ ಬರ್ತದ" ಅಂದು ವಾಪಸ್ ಕೈಯಾಗ ಕೊಟ್ಟ. ಅವ ಹೇಳಿದ್ದು ಖರೇನ. ಅಲ್ಲಿ ಮನಿಗಳಿಗೆ ಒಂದೇ ದೊಡ್ಡ ಮಷೀನ್ ಇರ್ತದ, ಅದ್ರಿಂದ ಎಲ್ಲಾ ಖೋಲಿಗೂ ಪೈಪಿನಾಗ ಗಾಳಿ ಹೋಗ್ತದ, ಆ ಮಷೀನಿಗೆ ಗ್ವಾಡಿ ಮ್ಯಾಲಿನ ಥರ್ಮೋಸ್ಟಾಟ್ ಖೋಲಿ ಎಷ್ಟು ಬಿಸಿ ಅದ ಅಂತ ನೋಡಿ 24 ವೋಲ್ಟಿನ ಸಣ್ಣ ವೈರಿನಾಗ "ಚಾಲೂ ಆಗು, ಬಂದ್ ಆಗು" ಅಂತ ಹೇಳ್ತದ. ನಮ್ಮ ಸ್ಪ್ಲಿಟ್ ಎಸಿಗೆ ಆ ವೈರೇ ಇಲ್ಲ. ನಮ್ಮ ಥರ್ಮೋಸ್ಟಾಟ್ ಎಸಿ ಹೊಟ್ಟಿ ಒಳಗ ಇರ್ತದ, ಅದರ ಗುಂಡಿ ರಿಮೋಟಿನಾಗ ಇರ್ತದ, ಅಷ್ಟೇ. ಅದಕ್ಕ ಫಾರಿನ್ನಿಂದ ಯಾರರ ಇಂಥದ್ದು ತಂದ್ ಕೊಟ್ರ ಶೋಕೇಸಿನಾಗ ಇಡ್ರಿ, ಇಲ್ಲಾಂದ್ರ ತರಕ್ಕಿಂತ ಮೊದ್ಲೇ ಬ್ಯಾಡ ಅಂತ ಹೇಳ್ರಿ.

ಆದ್ರ ಆ ಡಬ್ಬಿಯಿಂದ ಒಂದ್ ಉಪಕಾರ ಆತು. ಅದು ಮಾಡೋ ಕೆಲ್ಸ ನಾವೇ ಇಲ್ಲಿ ಹ್ಯಾಂಗ ಮಾಡ್ಕೋಬೇಕು ಅಂತ ಕುಂತು ಲೆಕ್ಕ ಹಾಕ್ದೆ. ಅದನ್ನೇ ಇಲ್ಲಿ ಬರೀತೀನಿ: ಎಸಿ ಸೆಟ್ಟಿಂಗು, ಟೈಮರು, ಫೋನಿನಿಂದ ನಡಸೋ ಸಣ್ಣ ಐಆರ್ ಡಬ್ಬಿ, ಆಮ್ಯಾಲ ಎಲ್ಲಾರೂ ಮರೆಯೋ ಗೀಸರ್ ಥರ್ಮೋಸ್ಟಾಟು.

ಮೊದ್ಲು 18ರ ಭ್ರಮೆ ಬಿಡ್ರಿ

ನಮ್ಮಪ್ಪಗ 76 ವರ್ಷ. ಹೊರಗಿಂದ ಬಂದ್ರ ಸಾಕು, ರಿಮೋಟ್ ತಗೊಂಡು ಟುಯ್ ಟುಯ್ ಅಂತ 18ಕ್ಕ ಇಳಸ್ತಾರ. "ಲಗೂ ತಂಪಾಗ್ಲಿ" ಅಂತ. ಅವರೊಬ್ರೇ ಅಲ್ಲ, ಪ್ಯಾಟಿ ಅಂಗಡ್ಯಾಗೂ ಹಂಗೇ, ಮದಿವಿ ಹಾಲಿನಾಗೂ ಹಂಗೇ. ಆ ನಂಬರ್ ಫ್ಯಾನಿನ ರೆಗ್ಯುಲೇಟರ್ ಇದ್ದಂಗ ಅಲ್ಲ ನೋಡ್ರಿ. ಎಲ್ಲಿಗೆ ಹೋಗಿ ನಿಲ್ಲಬೇಕು ಅಂತ ಹೇಳೋ ನಂಬರ್ ಅದು, ಎಷ್ಟು ಜೋರ್ ಓಡಬೇಕು ಅಂತ ಹೇಳೋದಲ್ಲ. ರಾಯಚೂರಿಂದ ಲಿಂಗಸೂಗೂರಿಗೆ ಹೋಗೋ ಬಸ್ಸಿಗೆ ಟಿಕೆಟ್ ಬೆಳಗಾವಿ ತನಕ ತಗಸಿದ್ರ ಬಸ್ಸೇನು ಜೋರ್ ಹೋಗ್ತದೇನು? ಖೋಲಿ 36 ಡಿಗ್ರಿ ಇದ್ದಾಗ ನೀವು 18 ಇಡ್ರಿ, 25 ಇಡ್ರಿ, ಕಂಪ್ರೆಸರ್ ಮೊದ್ಲಿಗೆ ತನ್ನ ಪೂರಾ ಶಕ್ತಿಲೇ ಓಡ್ತದ, 26ಕ್ಕ ಬರಾಕ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡೀತದ. ಫರಕ ಆಮ್ಯಾಲ ಗೊತ್ತಾಗ್ತದ. 26 ಇಟ್ರ ಅಲ್ಲಿಗೆ ಬಂದು ಉಸಿರು ಬಿಡ್ತದ, 18 ಇಟ್ರ ಮೇ ತಿಂಗಳಾಗ ಸ್ಲ್ಯಾಬ್ ಕಾದಿರೋ ಮನ್ಯಾಗ ಅದು 18ಕ್ಕ ಮುಟ್ಟಂಗೇ ಇಲ್ಲ, ಬೆಳತನಕ ಓಡಿದ್ದೇ ಓಡಿದ್ದು.

ಇದ್ರಾಗ ಎರಡು ಜಾತಿ ಅವ. ಹಳೇ ನಾನ್-ಇನ್ವರ್ಟರ್ ಎಸಿಯಾಗ ಕಂಪ್ರೆಸರ್ ಓಡಿದ್ರ ಪೂರಾ ಓಡ್ತದ, ಸೆಟ್ ಮಾಡಿದ ಡಿಗ್ರಿಗೆ ಬಂದ ಮ್ಯಾಲ ಟಕ್ ಅಂತ ಕಟ್ ಆಗ್ತದ, ಖೋಲಿ ಮತ್ತ ಸ್ವಲ್ಪ ಬಿಸಿ ಆದ್ ಕೂಡ್ಲೆ ಮತ್ತ ಚಾಲೂ. ಇನ್ವರ್ಟರ್ ಎಸಿ ಕಟ್ ಆಗೋದು ಕಮ್ಮಿ, ಅದು ಸ್ಪೀಡ್ ಇಳಿಸ್ಕೊಂಡು ಸಣ್ಣಗ ಗುನುಗ್ತಾ ಇರ್ತದ, ಅವಾಗ ಕರೆಂಟ್ ಭಾಳ ಕಮ್ಮಿ ತಿಂತದ. ಅಂದ್ರ ಇನ್ವರ್ಟರ್ ಎಸಿಗೆ ಹೆಚ್ಚಿಗಿ ರೊಕ್ಕ ಕೊಟ್ಟು ತಂದು 18ಕ್ಕ ಇಟ್ರ ಆ ರೊಕ್ಕ ನೀರಾಗ ಹಾಕಿದಂಗ, ಅದಕ್ಕ ಸ್ಪೀಡ್ ಇಳಸಾಕ ನೀವು ಬಿಡಂಗೇ ಇಲ್ಲಲ್ಲ.

ಇನ್ನೊಂದು, ಖೋಲಿ ಒಳಗ ಝಳ ನುಗ್ಗೋದು ಒಳಗು-ಹೊರಗಿನ ಫರಕದ ಮ್ಯಾಲ ಇರ್ತದ. ಹೊರಗ 42 ಇದ್ದಾಗ ಒಳಗ 26 ಇಟ್ರ 16 ಡಿಗ್ರಿ ಫರಕ, 18 ಇಟ್ರ 24 ಡಿಗ್ರಿ. ಆ ಒಂದೂವರೆ ಪಟ್ಟು ಝಳ ಹೊರಗ ಹಾಕೋ ಖರ್ಚು ನಿಮ್ದೇ. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋದವರು, ಅಂದ್ರ ಸ್ಟಾರ್ ಚೀಟಿ ಹಚ್ಚೋ ಬಿಇಇದವರು, ಒಂದ್ ಡಿಗ್ರಿ ಏರಿಸಿದ್ರ ಸುಮಾರು ಶೇ. 6 ಕರೆಂಟ್ ಉಳೀತದ ಅಂತ ಹೇಳ್ಕೋತ ಬಂದಾರ. 2020ರ ಜನವರಿಯಿಂದ ಹೊಸಾ ಎಸಿ ಹಚ್ಚಿದ್ ಕೂಡ್ಲೆ 24ರಲ್ಲೇ ಚಾಲೂ ಆಗಬೇಕು ಅಂತ ರೂಲ್ ಆಗಿದ್ದೂ ಇದಕ್ಕೇ.

200ರ ಲೆಕ್ಕ

ಸೆಟ್ಟಿಂಗಿಗೆ ಕೈ ಹಾಕೋ ಮೊದ್ಲು ಮೀಟರ್ ಹತ್ರ ಹೋಗ್ರಿ. ರಾಜ್ಯ ಸರಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿ 2023ರಾಗ ಬಂದ ಮ್ಯಾಲ ನಮ್ಮ ಮಂದಿಗೆ ಯೂನಿಟ್ ಅನ್ನೋ ಶಬ್ದ ಬಾಯಿಪಾಠ ಆಗೇದ, ಆದ್ರ ರೂಲ್ ಅರ್ಧ ಮಂದಿಗಷ್ಟೇ ಗೊತ್ತು. ಎಲ್ಲಾರಿಗೂ 200 ಫ್ರೀ ಅಲ್ಲ ಅದು. 2022-23ರಾಗ ನೀವು ಸರಾಸರಿ ಎಷ್ಟು ಸುಟ್ಟಿದ್ರಿ, ಅದರ ಮ್ಯಾಲ ಶೇ. 10 ಸೇರ್ಸಿ ಒಂದ್ ಮಿತಿ ಹಾಕ್ಯಾರ, ಭಾಳ ಕಮ್ಮಿ ಸುಡೋರಿಗೆ ಶೇ. 10ರ ಬದ್ಲಿ 10 ಯೂನಿಟ್ ಅಂತ ಆಮ್ಯಾಲ ಮಾಡಿದ್ರು. ಮಿತಿ ದಾಟಿ 200ರ ಒಳಗ ಇದ್ರ ಹೆಚ್ಚಿಗಿ ಆದಷ್ಟಕ್ಕ ರೊಕ್ಕ ಕಟ್ಟಬೇಕು. 200 ದಾಟಿದ್ರೋ, ಪೂರಾ ಬಿಲ್ ನಿಮ್ಮ ತಲಿ ಮ್ಯಾಲ. 199ಕ್ಕೂ 201ಕ್ಕೂ ಇರೋ ಫರಕ ಎರಡು ಯೂನಿಟ್ ಅಲ್ರಿ, ಇಡೀ ತಿಂಗಳಿಂದು.

200ನ್ನ 30 ದಿನಕ್ಕ ಹಂಚಿದ್ರ ದಿನಕ್ಕ 6.6 ಯೂನಿಟ್. ಇದ್ರಾಗ ಫ್ರಿಜ್ಜಿಗೆ ಹೆಚ್ಚುಕಮ್ಮಿ ಒಂದು. ಲೈಟು, ಟಿವಿ, ಮಿಕ್ಸರ್ ಸೇರಿ ಮುಕ್ಕಾಲು ಯೂನಿಟ್ ಹಿಡೀರಿ. ಒಂದ್ ಎಚ್‌ಪಿ ಮೋಟರ್ ಅರ್ಧ ತಾಸು ಓಡಿದ್ರ ಅರ್ಧ ಯೂನಿಟ್ಟಿನ ಹತ್ರ ಹತ್ರ. ಆಮ್ಯಾಲ ಫ್ಯಾನು, ಇಲ್ಲೇ ಎಲ್ಲಾರೂ ಎಡವೋದು. ಹಳೇ ಫ್ಯಾನ್ 75 ವ್ಯಾಟು, ಮೂರು ಫ್ಯಾನ್ ದಿನಕ್ಕ 15 ತಾಸು ತಿರುಗಿದ್ರ ಮೂರೂವರೆ ಯೂನಿಟ್ ಹತ್ರ ಹತ್ರ ಹೋತು. ಕೂಡಿಸಿ ನೋಡ್ರಿ, ಎಸಿಗೆ ಉಳಿಯೋದು ಒಂದೇ ಯೂನಿಟ್! ಅದ್ರಾಗ ಎಸಿ ಹಚ್ಚಿ ಬಂದ್ ಮಾಡಬೇಕು. ಅದೇ ಬಿಎಲ್‌ಡಿಸಿ ಅನ್ನೋ, ಕಮ್ಮಿ ಕರೆಂಟ್ ತಿನ್ನೋ ಮೋಟರಿನ ಫ್ಯಾನ್ ಆದ್ರ 30 ವ್ಯಾಟ್ ಸುತ್ತ, ಮೂರಕ್ಕೂ ಸೇರಿ ದಿನಕ್ಕ 1.35 ಯೂನಿಟ್. ಬರೇ ಫ್ಯಾನ್ ಬದಲಿಸಿದ್ದಕ್ಕ ದಿನಕ್ಕ ಎರಡು, ತಿಂಗಳಿಗೆ 60 ಯೂನಿಟ್ ಎಸಿಗೆ ಸಿಕ್ತು. ಎಸಿ ತಗೊಳ್ಳೋರು ಎಸಿ ಅಂಗಡಿಗೆ ಹೋಗೋ ಮೊದ್ಲು ಫ್ಯಾನ್ ಅಂಗಡಿಗೆ ಹೋಗ್ರಿ ಅಂತ ನಾ ಎಲ್ಲಾರಿಗೂ ಹೇಳೋದು ಇದಕ್ಕೇ, ಯಾರೂ ಕೇಳಂಗಿಲ್ಲ ಅದು ಬ್ಯಾರೆ ಮಾತು.

ನಿಮ್ಮ ಎಸಿ ಎಷ್ಟು ತಿಂತದ ಅಂತ ನೋಡಾಕ ಯಾವ ಮಷೀನೂ ಬ್ಯಾಡ. ಮೀಟರಿನ ಮ್ಯಾಲ ಒಂದ್ ಕೆಂಪು ಲೈಟ್ ಮಿಣುಕ್ತಿರ್ತದ, ಅದರ ಬಾಜೂಕ 3200 ಅಂತಲೋ 1600 ಅಂತಲೋ ಬರದಿರ್ತದ, ಅಷ್ಟು ಸಲ ಮಿಣುಕಿದ್ರ ಒಂದ್ ಯೂನಿಟ್ ಅಂತ ಅರ್ಥ. ಮನ್ಯಾಗ ಉಳಿದದ್ದೆಲ್ಲಾ ಬಂದ್ ಮಾಡಿ ಎಸಿ ಒಂದೇ ಹಚ್ಚಿ, ಫೋನಿನಾಗ ಒಂದ್ ನಿಮಿಷ ಇಟ್ಕೊಂಡು ಮಿಣುಕು ಎಣಿಸ್ರಿ. ಆ ನಂಬರನ್ನ 60ರಿಂದ ಗುಣಿಸಿ 3200ರಿಂದ ಭಾಗಿಸ್ರಿ, ಮೀಟರಿನ ಮ್ಯಾಲ 1600 ಇದ್ರ 1600ರಿಂದ. 3200ರ ಮೀಟರಿನಾಗ ನಿಮಿಷಕ್ಕ 80 ಮಿಣುಕಿದ್ರ ತಾಸಿಗೆ ಒಂದೂವರೆ ಯೂನಿಟ್, 30 ಮಿಣುಕಿದ್ರ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ. ಎಸಿ ಹಚ್ಚಿದ್ ಕೂಡ್ಲೆ ಒಂದ್ ಸಲ, ಒಂದ್ ತಾಸು ಬಿಟ್ಟು ಇನ್ನೊಂದ್ ಸಲ ಎಣಿಸ್ರಿ, ಇನ್ವರ್ಟರ್ ಅನ್ನೋ ಶಬ್ದದ ಅರ್ಥ ಅವಾಗ ತಲಿಗೆ ಹತ್ತತದ. ನನ್ನ ಮಗಳು ಇದನ್ನ ಆಟ ಮಾಡ್ಕೊಂಡಾಳ, "ಪಪ್ಪಾ 28 ಬಂತು" ಅಂತ ಕೂಗ್ತಾಳ.

ಖೋಲಿ ತಯಾರಿ

ಇದು ಬ್ಯಾಸರದ ಕೆಲ್ಸ ಆದ್ರ ಇದಿಲ್ದ ಯಾವ ಸೆಟ್ಟಿಂಗೂ ನಡಿಯಂಗಿಲ್ಲ. ನಮ್ಮ ಹಳ್ಳಿ ಮನಿ ಮಣ್ಣಿನ ಮಾಳಗಿದು, ಗ್ವಾಡಿ ಎರಡು ಮೊಳ ದಪ್ಪ, ಬೆಳಕಿಂಡಿ ಒಂದೇ ಒಂದು, ಏಪ್ರಿಲ್ ಮಧ್ಯಾಹ್ನ ಅಲ್ಲಿ ಹೋಗಿ ಮಕ್ಕೊಂಡ್ರ ಫ್ಯಾನೂ ಬ್ಯಾಡ. ಸಿಟ್ಯಾಗ ಕಟ್ಟಿದ್ದು ಆರ್‌ಸಿಸಿ ಸ್ಲ್ಯಾಬಿನ ಮನಿ, ಮಧ್ಯಾಹ್ನ ಎಲ್ಲಾ ಬಿಸಲು ಕುಡದು ಕುಂತಿರ್ತದ, ರಾತ್ರಿ ಎಂಟಕ್ಕ ಒಳಗ ಕಕ್ಕಾಕ ಶುರು ಮಾಡ್ತದ. ರಾತ್ರಿ ಹೊರಗಿಗಿಂತ ಒಳಗ ಸೆಕಿ ಜಾಸ್ತಿ ಆಗೋದು ಅದಕ್ಕ.

ಫೆಬ್ರವರಿ ಮುಗಿಯೋದ್ರಾಗ ಮಾಳಗಿ ಮ್ಯಾಲ ಸುಣ್ಣ ಹೊಡಸ್ರಿ, ಸುಣ್ಣಕ್ಕ ಸ್ವಲ್ಪ ಫೆವಿಕಾಲ್ ಕಲಿಸಿದ್ರ ಲಗೂನ ಉದುರಂಗಿಲ್ಲ, ರೊಕ್ಕ ಇದ್ರ ಬಿಳಿ ಕೂಲ್ ರೂಫ್ ಪೇಂಟ್ ಸಿಗ್ತದ ಅದನ್ನ ಹಚ್ಚಸ್ರಿ. ಪಡುವಣ ಕಿಡಕಿಗೆ ಒಳಗಿನ ಪರದೆಗಿಂತ ಹೊರಗಿಂದ ತಟ್ಟು, ಹಸರು ನೆಟ್ಟು ಏನರ ಕಟ್ಟಿದ್ರ ಪಾಡ, ಯಾಕಂದ್ರ ಬಿಸಲು ಗ್ಲಾಸ್ ದಾಟಿ ಒಳಗ ಬಂದ್ ಮ್ಯಾಲ ಪರದೆ ಏನ್ ಮಾಡ್ತದ, ಝಳ ಒಳಗೇ ಉಳೀತು. ಬಾಗಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಚ್ಚಸ್ರಿ, ಇಲ್ಲಾಂದ್ರ ಹಳೇ ಹಚ್ಚಡ ಸುತ್ತಿ ಇಡ್ರಿ.

ಆಮ್ಯಾಲ ಫಿಲ್ಟರು. ನಮ್ಮ ಮೂರೂ ಜಿಲ್ಲಾದಾಗ ಧೂಳಿಗೆ ಬರ ಇಲ್ಲ, ಬಳ್ಳಾರಿ, ಸಂಡೂರ ಕಡೆ ಕೆಂಪು ಧೂಳು, ಕೊಪ್ಪಳದ ಗಿಣಿಗೇರಿ ಕಡೆ ಕರಿ ಧೂಳು, ನಮ್ಮಲ್ಲಿ ರೈಸ್ ಮಿಲ್ಲಿನ ಹೊಟ್ಟು ಮತ್ತ ಹತ್ತಿ ಎಳಿ. ಪುಸ್ತಕದಾಗ ತಿಂಗಳಿಗೊಮ್ಮೆ ಅಂತ ಬರದಿದ್ರೂ ಬ್ಯಾಸಗ್ಯಾಗ ಹದಿನೈದು ದಿನಕ್ಕೊಮ್ಮೆ ಎಸಿ ಮುಚ್ಚಳ ಎತ್ತಿ ಜಾಳಗಿ ತಗದು ನಳದ ನೀರಾಗ ತೊಳದು ನೆರಳಾಗ ಒಣಗಿಸಿ ಹಾಕ್ರಿ. ಹೊರಗಿನ ಯುನಿಟ್ ಸುತ್ತ ಗಾಳಿ ಆಡಬೇಕು, ಬಿಸಲು ಬೀಳೋದಾದ್ರ ಮ್ಯಾಲ ಒಂದ್ ತಗಡಿನ ನೆರಳು ಮಾಡ್ರಿ ಆದ್ರ ಅದರ ಮಾರಿ ಮುಚ್ಚಬ್ಯಾಡ್ರಿ. ನಮ್ಮ ಬಾಜೂ ಮನ್ಯಾಗ ಕಳ್ರ ಕಾಟ ಅಂತ ಮೂರೂ ಕಡೆ ಇಟ್ಟಂಗಿ ಕಟ್ಟಿದ್ರು, ಬಿಸಿ ಗಾಳಿ ಅಲ್ಲೇ ತಿರುಗಿ ತಿರುಗಿ ಎಸಿ ಟ್ರಿಪ್ ಆಗಾಕತ್ತು, ಆಮ್ಯಾಲ ಒಡದು ಜಾಳಗಿ ಕೂಡಸಿದ್ರು.

ರಿಮೋಟಿನಾಗ ರಾತ್ರಿ ಪ್ರೋಗ್ರಾಂ

ನಾನು ಮಾಡೋದು ಹೇಳ್ತೀನಿ, ನಿಮ್ಮ ನಿದ್ದಿ ಟೈಮಿಗೆ ತಕ್ಕಂಗ ಹಿಂದ ಮುಂದ ಮಾಡ್ಕೋರಿ.

ಎಸಿ ಹಚ್ಚೋ ಅರ್ಧ ತಾಸು ಮೊದ್ಲು, ಅಂದ್ರ ಒಂಬತ್ತರ ಸುಮಾರಿಗೆ, ಕಿಡಕಿ ಬಾಗಲ ಎರಡೂ ತಗದು ಫ್ಯಾನ್ ಜೋರ್ ಬಿಡ್ರಿ. ದಿನಾ ಪೂರ್ತಿ ಮುಚ್ಚಿದ ಖೋಲಿಯಾಗ ನಿಂತ ಬಿಸಿ ಗಾಳಿ ಪುಗಸಟ್ಟೆ ಹೊರಗ ಹೋಗ್ತದ, ಅದನ್ನ ಕರೆಂಟ್ ಸುಟ್ಟು ತಂಪ್ ಮಾಡೋದ್ ಯಾಕ.

ಒಂಬತ್ತೂವರೆಗೆ ಎಲ್ಲಾ ಮುಚ್ಚಿ ಎಸಿ ಹಚ್ರಿ. ಮೋಡ್ ಬಟನ್ ಒತ್ತಿ ಕೂಲ್ ಇಡ್ರಿ, ರಿಮೋಟಿನಾಗ ಮಂಜಿನ ಹರಳಿನ ಚಿತ್ರ ಬರ್ತದ. ಆಟೋ ಮೋಡಿನಾಗ ಡಿಗ್ರಿ ತಾನೇ ತೀರ್ಮಾನ ಮಾಡ್ತದ, ಅದು ಬ್ಯಾಡ. ಟೆಂಪರೇಚರ್ 26. ಎಸಿ ಫ್ಯಾನ್ ಮೊದ್ಲು ಹೈ. ಮ್ಯಾಲಿನ ಸೀಲಿಂಗ್ ಫ್ಯಾನ್ ಎರಡರ ಮ್ಯಾಲ ತಿರುಗ್ತಿರಲಿ, ಇದನ್ನ ಬಂದ್ ಮಾಡಬ್ಯಾಡ್ರಿ. ಎಸಿ ಹಚ್ಚಿದ್ರ ಫ್ಯಾನ್ ಆರಸಬೇಕು ಅನ್ನೋದು ನಮ್ಮ ಕಡೆ ಯಾರು ಹುಟ್ಟಿಸಿದ್ರೋ, ಮೈ ಮ್ಯಾಲ ಗಾಳಿ ಆಡಿದ್ರ 26ರಾಗ 24ರ ಹಿತ ಸಿಗ್ತದ, ಆ ಗಾಳಿ ಕೊಡಾಕ ಫ್ಯಾನ್ ತಿನ್ನೋದು 30 ವ್ಯಾಟ್.

ಹತ್ತೂವರೆ ಆದ ಮ್ಯಾಲ ಸ್ಲೀಪ್ ಬಟನ್ ಒತ್ರಿ. ಭಾಳಷ್ಟು ಕಂಪನಿ ಎಸಿಯಾಗ ಇದು ತಾಸಿಗೊಂದ್ ಡಿಗ್ರಿ ಏರಿಸಿ ಎರಡಕ್ಕ ನಿಲ್ಲಸ್ತದ, ಅಂದ್ರ ರಾತ್ರಿ ಹನ್ನೆರಡೂವರೆಗೆ ನಿಮ್ದು 28 ಆಗಿರ್ತದ, ನಿಮಗ ಗೊತ್ತೇ ಆಗಿರಂಗಿಲ್ಲ ಯಾಕಂದ್ರ ಅಷ್ಟೊತ್ತಿಗೆ ಸ್ಲ್ಯಾಬೂ ಆರಿರ್ತದ. ನಿಮ್ಮ ಎಸಿ ಹ್ಯಾಂಗ ಅಂತ ಪುಸ್ತಕದಾಗ ಒಮ್ಮೆ ನೋಡ್ಕೋರಿ. ಆಮ್ಯಾಲ ಟೈಮರ್ ಆಫ್ ಒತ್ತಿ ನಸುಕಿನ ನಾಕಕ್ಕ ಬಂದ್ ಆಗಂಗ ಇಡ್ರಿ. ಕೆಲವು ರಿಮೋಟಿನಾಗ ಗಡಿಯಾರದ ಟೈಮ್ ಕೊಡಬೇಕು, ಕೆಲವುದ್ರಾಗ "ಇಷ್ಟು ತಾಸು ಆದ್ ಮ್ಯಾಲ" ಅಂತ, ಎರಡ್ನೇದಾದ್ರ 5.5 ಕೊಡ್ರಿ. ಗಡಿಯಾರದ ರಿಮೋಟ್ ಆದ್ರ ಅದ್ರಾಗ ಟೈಮ್ ಸರಿ ಅದನೋ ಇಲ್ಲೋ ಮೊದ್ಲು ನೋಡ್ರಿ, ಸೆಲ್ ಬದಲಿಸಿದಾಗೆಲ್ಲಾ ಅದು ತಪ್ಪತದ, ನಮ್ಮನ್ಯಾಗ ಒಮ್ಮೆ ರಾತ್ರಿ ಬದ್ಲಿ ಸಂಜಿ ನಾಕಕ್ಕ ಅಂತ ಆಗಿ ಮರದಿನ ಎಚ್ಚರಾಗೋ ತನಕ ಎಸಿ ಓಡಿತ್ತು. ನಾಕಕ್ಕ ಬಂದ್ ಆದ್ರೂ ಆರರ ತನಕ ಖೋಲಿ ತಂಪೇ ಇರ್ತದ, ಸೆಕಿ ಅನಿಸಿದ್ರ ಕಿಡಕಿ ತಗೀರಿ, ನಸುಕಿನ ಗಾಳಿ ನಮ್ಮಲ್ಲಿ ಬ್ಯಾಸಗ್ಯಾಗೂ ಛಲೋ ಇರ್ತದ.

ಸೆನ್ಸರ್ ವಿಷಯ ಒಂದದ. ಥರ್ಮೋಸ್ಟಾಟಿನ ಸೆನ್ಸರ್ ಎಸಿ ಗಾಳಿ ಒಳಗ ಎಳಕೊಳ್ಳೋ ಕಡೆ ಇರ್ತದ, ಅಂದ್ರ ಛತ್ತಿನ ಹತ್ರ, ಬಿಸಿ ಗಾಳಿ ನಿಲ್ಲೋದೂ ಅಲ್ಲೇ. ಹಾಸಗಿ ಮ್ಯಾಲ ತಂಪಾದ್ರೂ ಅದಕ್ಕ ಇನ್ನೂ ಬಿಸಿ ಅದ ಅನಿಸ್ತಿರ್ತದ. ಕೆಲವು ರಿಮೋಟಿನಾಗ ಐ ಫೀಲ್ ಅಂತಲೋ ಫಾಲೋ ಮಿ ಅಂತಲೋ ಬಟನ್ ಇರ್ತದ, ಅದನ್ನ ಒತ್ತಿದ್ರ ರಿಮೋಟ್ ಒಳಗಿನ ಸೆನ್ಸರ್ ಲೆಕ್ಕಕ್ಕ ಬರ್ತದ. ಅವಾಗ ರಿಮೋಟನ್ನ ತಲಿದಿಂಬಿನ ಹತ್ರ ಎಸಿಗೆ ಮಾರಿ ಮಾಡಿ ಇಡಬೇಕು, ಟಿವಿ ಮ್ಯಾಲ ಇಟ್ರ ಅಥವಾ ಹಾಸಗಿ ಒಳಗ ಮುಚ್ಚಿಟ್ರ ಎಸಿಗೆ ತಪ್ಪು ಸುದ್ದಿ ಹೋಗ್ತದ.

ಮನ್ಯಾಗ ಸಣ್ಣ ಕೂಸು, ವಯಸ್ಸಾದವರು ಇದ್ರ ಉಳಿತಾಯದ ಹುಚ್ಚಿನ್ಯಾಗ ಎಸಿ, ಕೂಲರ್ ಬಂದ್ ಮಾಡಿ ಕುಂಡ್ರಸಬ್ಯಾಡ್ರಿ. ಮೇ ಮಧ್ಯಾಹ್ನದ ಝಳಕ್ಕ ಜೀವ ಹೋಗ್ತಾವ, ಯೂನಿಟ್ ಹೋದ್ರ ಹೋಗ್ಲಿ.

ಕರೆಂಟ್ ಹೋಗಿ ಬಂದ್ರ

ಶಕ್ತಿನಗರದಾಗ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರ, ಯರಮರಸ್ ಒಂದದ, ಆ ಕಡೆ ಬಳ್ಳಾರಿ ಕುಡತಿನಿದೊಂದದ, ಅರ್ಧ ರಾಜ್ಯಕ್ಕ ದೀಪ ಹಚ್ಚೋರು ನಾವು, ಆದ್ರೂ ಗಾಳಿ ಬೀಸಿದ್ರ ನಮ್ಮ ಓಣ್ಯಾಗ ಕತ್ತಲಿ. ಇರ್ಲಿ. ಕರೆಂಟ್ ಹೋದ್ರ ಭಾಳಷ್ಟು ಎಸಿಯಾಗ ಟೈಮರ್ ಅಳಿಸಿ ಹೋಗ್ತದ, ಆದ್ರ ಆಟೋ ರೀಸ್ಟಾರ್ಟ್ ಇರೋದ್ರಿಂದ ಎಸಿ ಮಾತ್ರ ಹಳೇ ಡಿಗ್ರಿಲೆ ತಾನೇ ಚಾಲೂ ಆಗ್ತದ. ಅಂದ್ರ ಬಂದ್ ಆಗೋ ಪ್ರೋಗ್ರಾಂ ಹೋತು, ಓಡೋ ಪ್ರೋಗ್ರಾಂ ಉಳೀತು! ಮನ್ಯಾಗ ಯಾರೂ ಇಲ್ದಾಗ ಕರೆಂಟ್ ಹೋದ ಟೈಮಿಗೆ ಎಸಿ ಚಾಲೂ ಇತ್ತಂದ್ರ ಊರಿಂದ ಬರೋ ತನಕ ಓಡ್ತಾ ಇರ್ತದ. ಹೊರಗ ಹೋಗುವಾಗ ಎಸಿ ಎಂಸಿಬಿನೇ, ಅಂದ್ರ ಬೋರ್ಡಿನಾಗ ಲೈನ್ ಕಟ್ ಮಾಡೋ ಸ್ವಿಚ್ಚನ್ನೇ, ಇಳಿಸಿ ಹೋಗೋದು ರೂಢಿ ಮಾಡ್ಕೋರಿ. ವೋಲ್ಟೇಜ್ ಹಾರಾಡೋ ಓಣಿ ಆದ್ರ ಸ್ಟೆಬಿಲೈಜರ್ ಹಾಕಸ್ರಿ, ಅದ್ರಾಗ ಮೂರು ನಿಮಿಷ ತಡ ಮಾಡಿ ಕೊಡೋದು ಇರಬೇಕು, ಕಂಪ್ರೆಸರ್ ನಿಂತ ಕೂಡ್ಲೆ ಮತ್ತ ಒದ್ದು ಎಬ್ಬಿಸಿದ್ರ ಅದಕ್ಕ ಪೆಟ್ಟು.

ಐಆರ್ ಡಬ್ಬಿ: ನಮ್ಮ ಬಡವರ ಥರ್ಮೋಸ್ಟಾಟ್

ಅಕ್ಕನ ಮಗನ ಡಬ್ಬಿಯ ಕೆಲ್ಸ ನಮ್ಮಲ್ಲಿ ಮಾಡೋದು ಇದು. ಅಂಗೈ ಅಗಲದ ಕರಿ ಡಬ್ಬಿ, ರಿಮೋಟ್ ಬಿಡೋ ಅದೇ ಕಣ್ಣಿಗೆ ಕಾಣದ ಐಆರ್ (ಇನ್‌ಫ್ರಾರೆಡ್) ಬೆಳಕು ಬಿಡ್ತದ, ಫೋನಿನಾಗ ಹೇಳಿದ್ದನ್ನ ಎಸಿಗೆ ಮುಟ್ಟಸ್ತದ. ವೈರಿಂಗ್ ಏನೂ ಇಲ್ಲ, ಗ್ವಾಡಿ ಒಡಿಯೋದಿಲ್ಲ, ಬಾಡಗಿ ಮನ್ಯಾಗೂ ನಡೀತದ. ತಗೊಳ್ಳುವಾಗ ಟೆಂಪರೇಚರ್ ಸೆನ್ಸರ್ ಇರೋದೇ ತಗೋರಿ.

ಇಡೋ ಜಾಗದಿಂದ ಎಸಿ ಕಾಣಬೇಕು, ನಡುವ ಪರದೆ, ತಿಜೋರಿ ಏನೂ ಬರಬಾರ್ದು, ಈ ಬೆಳಕು ಗ್ವಾಡಿ ದಾಟಂಗಿಲ್ಲ. ಹಳೇ ಫೋನ್ ಚಾರ್ಜರ್ ಸಾಕು ಅದಕ್ಕ. ಮುಂದಿಂದು ವೈಫೈ, ಇಲ್ಲೇ ಮುಕ್ಕಾಲು ಮಂದಿ ಸೋತು ಡಬ್ಬಿ ವಾಪಸ್ ಕಳಸೋದು. ಇವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಹತ್ತಾವ, ನಿಮ್ಮ ರೌಟರಿನಾಗ 2.4 ಮತ್ತ 5 ಎರಡೂ ಒಂದೇ ಹೆಸರಲೆ ಇದ್ರ ಗೊಂದ್ಲ ಆಗ್ತದ. ಫೈಬರ್ ಹಾಕಿದ ಹುಡುಗಗ ಫೋನ್ ಹಚ್ಚಿ "ತಮ್ಮಾ, ಎರಡಕ್ಕೂ ಬ್ಯಾರೆ ಬ್ಯಾರೆ ಹೆಸರು ಮಾಡಿ ಕೊಡು" ಅನ್ರಿ, ಐದು ನಿಮಿಷದ ಕೆಲ್ಸ.

ಆಮ್ಯಾಲ ಡಬ್ಬಿಯ ಬಟನ್ ಲೈಟ್ ಮಿಣುಕೋ ತನಕ ಒತ್ತಿ ಹಿಡೀರಿ, ಅದರ ಆ್ಯಪಿನಾಗ ಹೊಸಾ ಡಿವೈಸ್ ಸೇರ್ಸಿ, ವೈಫೈ ಪಾಸ್‌ವರ್ಡ್ ಹಾಕ್ರಿ. ಸೇರಿದ ಮ್ಯಾಲ ರಿಮೋಟ್ ಆಡ್ ಮಾಡು ಅಂತ ಬರ್ತದ, ಎಸಿ ಆರಿಸಿ ನಿಮ್ಮ ಕಂಪನಿ ಹೆಸರು ಒತ್ರಿ. ಒಂದೇ ಕಂಪನಿಗೆ ಹತ್ತಾರು ಕೋಡ್ ಇರ್ತಾವ, ಒಂದೊಂದೇ ಒತ್ತಿ ನೋಡಬೇಕು, ಎಸಿ ಟುಯ್ ಅಂದ್ ಕೂಡ್ಲೆ ಖುಷಿ ಪಟ್ಟು ಸೇವ್ ಮಾಡಬ್ಯಾಡ್ರಿ, ಡಿಗ್ರಿ ಏರಿಸಿ ಇಳಿಸಿ, ಮೋಡ್ ಬದಲಿಸಿ, ಫ್ಯಾನ್ ಬದಲಿಸಿ ಎಲ್ಲಾ ಕೇಳ್ತದಾ ನೋಡ್ರಿ. ಆನ್-ಆಫ್ ಮಾತ್ರ ಕೇಳಿ ಡಿಗ್ರಿ ಕೇಳದ ಕೋಡ್ ನನಗ ಮೊದ್ಲು ಸಿಕ್ಕಿತ್ತು, ಒಂದ್ ವಾರ ಎಸಿ 22ರಾಗೇ ಓಡೇದ.

ಶೆಡ್ಯೂಲ್ ಈಗ. 9:30ಕ್ಕ ಆನ್, ಕೂಲ್, 26, ಫ್ಯಾನ್ ಹೈ. 10:30ಕ್ಕ 27, ಫ್ಯಾನ್ ಲೋ. 12:30ಕ್ಕ 28. 4:00ಕ್ಕ ಆಫ್. ಇಲ್ಲಿ ಸ್ಲೀಪ್ ಬಟನ್ ಬ್ಯಾಡ, ಎರಡೂ ಸೇರಿದ್ರ ಲೆಕ್ಕ ತಪ್ಪತದ. ಒಂದ್ ಹೆಚ್ಚಿನ ಆಫ್ ಬೆಳಿಗ್ಗೆ 6:30ಕ್ಕ ಇಡ್ರಿ, ರಾತ್ರಿ ಕರೆಂಟ್ ಹೋಗಿ ಬಂದು ಎಸಿ ತಾನೇ ಎದ್ದು ಕುಂತಿದ್ರ ಅದು ಮಲಗಸ್ತದ. ಶೆಡ್ಯೂಲ್ ಹಾಕಿದ ಮ್ಯಾಲ ಎರಡು ನಿಮಿಷದ ಮುಂದಿನ ಟೈಮಿಗೆ ಒಂದ್ ಸುಳ್ಳು ಶೆಡ್ಯೂಲ್ ಇಟ್ಟು ಪರೀಕ್ಷೆ ಮಾಡ್ರಿ. ರೌಟರಿಗೆ ಮನಿ ಇನ್ವರ್ಟರ್ ಬ್ಯಾಟರಿಯಿಂದ ಲೈನ್ ಇದ್ರ ಪಾಡ.

ಒಂದ್ ಎಚ್ಚರಿಕೆ. ಈ ಡಬ್ಬಿ ಬರೇ ಹೇಳ್ತದ, ಎಸಿ ಕೇಳಿತೋ ಇಲ್ಲೋ ಅದಕ್ಕ ಗೊತ್ತಾಗಂಗಿಲ್ಲ. ನಮ್ಮಪ್ಪ ಹಳೇ ರಿಮೋಟ್ ತಗೊಂಡು 18 ಮಾಡಿದ್ರೂ ಆ್ಯಪಿನಾಗ 26 ಅಂತಲೇ ತೋರಸ್ತದ. ಕೆಲವ್ರು "ಖೋಲಿ 27 ಆದ್ರ ಆನ್, 26 ಆದ್ರ ಆಫ್" ಅಂತ ಆಟೋಮೇಶನ್ ಹಾಕ್ತಾರ, ಅದು ತಪ್ಪು, ಆ ಕೆಲ್ಸಕ್ಕ ಎಸಿ ಒಳಗೇ ಥರ್ಮೋಸ್ಟಾಟ್ ಅದ, ಇನ್ವರ್ಟರ್ ಎಸಿನ ಹಿಂಗ ಗಳಿಗಿಗೊಮ್ಮೆ ಎಬ್ಬಿಸಿ ಮಲಗಿಸಿದ್ರ ಉಳಿತಾಯ ಇರ್ಲಿ, ಜಾಸ್ತಿನೇ ತಿಂತದ. ಇನ್ನ ಕೆಲವ್ರು ಸ್ಮಾರ್ಟ್ ಪ್ಲಗ್ಗಿಗೆ ಎಸಿ ಹಚ್ಚಿ ಕರೆಂಟೇ ಕಟ್ ಮಾಡ್ತಾರ, ಓಡೋ ಕಂಪ್ರೆಸರಿನ ಜೀವ ಹಿಂಡಿದಂಗ ಅದು. ಸ್ಮಾರ್ಟ್ ಪ್ಲಗ್ ಗೀಸರಿಗೆ ಸರಿ, ಅದೂ 16 ಆಂಪಿಯರ್‌ದು.

ಕೂಲರ್ ಮರೀಬ್ಯಾಡ್ರಿ

ಮಾರ್ಚ್, ಏಪ್ರಿಲ್ ನಮ್ಮಲ್ಲಿ ಒಣ ಹವಾ, ಕೂಲರ್ ಹೇಳಿ ಮಾಡಿಸಿದಂಗ ನಡೀತದ, 150-200 ವ್ಯಾಟ್ ಅಷ್ಟೇ. ಆ ದಿನ ಎಸಿ ರಜೆ. ಆದ್ರ ಕೂಲರ್ ಕಿಡಕ್ಯಾಗ ಇಟ್ಟು ಎದುರಿನ ಬಾಗಲ ತಗದಿರಬೇಕು, ಎಸಿಗೆ ಎಲ್ಲಾ ಮುಚ್ಚಿರಬೇಕು, ಎರಡೂ ಕೂಡೇ ಹಚ್ಚೋದು ಮಾತ್ರ ಮಾಡಬ್ಯಾಡ್ರಿ, ಕೂಲರ್ ತುಂಬಿದ ಥಂಡಿ ತೇವಾನ ಎಸಿ ಹಿಂಡಿ ಹಿಂಡಿ ಹೊರಗ ಹಾಕ್ಬೇಕಾಗ್ತದ. ಮಳಿಗಾಲ ಶುರುವಾಗಿ ಕೂಲರಿಂದ ಮೈ ಅಂಟಂಟು ಆಗಾಕ ಹತ್ತಿದ್ರ ಎಸಿ ಡ್ರೈ ಮೋಡಿಗೆ ಹೋಗ್ರಿ.

ಗೀಸರ್

ಎಸಿ ಬಗ್ಗೆ ಎಲ್ಲಾರೂ ಮಾತಾಡ್ತಾರ, ಗೀಸರ್ ಬಾತ್‌ರೂಮಿನಾಗ ಸುಮ್ಮ ಕುಂತು ತಿಂತಿರ್ತದ. ಲೆಕ್ಕ ನೋಡ್ರಿ: 15 ಲೀಟರ್ ನೀರನ್ನ 25ರಿಂದ 60 ಡಿಗ್ರಿಗೆ ಕಾಸಾಕ 0.6 ಯೂನಿಟ್, 25 ಲೀಟರಿಗೆ ಒಂದ್ ಯೂನಿಟ್. ಮುಂಜಾನಿ ಹಚ್ಚಿ ರಾತ್ರಿ ತನಕ ಬಿಟ್ರ ನೀರು ಆರಿದಂಗೆಲ್ಲಾ ಥರ್ಮೋಸ್ಟಾಟ್ ಮತ್ತ ಮತ್ತ ಕಾಸ್ತದ, ಜಳಕಾ ಯಾರೂ ಮಾಡದಿದ್ರೂ. ಬ್ಯಾಸಗ್ಯಾಗ ಮಾಳಗಿ ಮ್ಯಾಲಿನ ಸಿಂಟೆಕ್ಸ್ ನೀರೇ ಮೈ ಸುಡೋವಂಗ ಇರ್ತದ, ಮಾರ್ಚ್ ಬಂತಂದ್ರ ಗೀಸರ್ ಎಂಸಿಬಿ ಇಳಿಸಿ ಅದರ ಮ್ಯಾಲ ಟೇಪ್ ಹಚ್ಚಿ ಬಿಡ್ರಿ, ದೀಪಾವಳಿಗೆ ತಗೀರಿ.

ಥಂಡಿ ದಿನದಾಗ ಸೆಟ್ಟಿಂಗ್ ಹಿಂಗ. ಹೊರಗ ತಿರುಗಿಸೋ ಗುಂಡಿ ಇದ್ರ 50-55ರ ನಡುವ ಇಡ್ರಿ. 70ಕ್ಕ ಕಾಸಿ ಅದಕ್ಕ ಎರಡು ಬಕೀಟ್ ತಣ್ಣೀರ್ ಕಲಿಸೋದ್ರಾಗ ಏನ್ ಅರ್ಥ. 50ಕ್ಕಿಂತ ಕೆಳಗ ಬ್ಯಾಡ, ಬೆಚ್ಚಗ ನಿಂತ ನೀರಾಗ ಕ್ರಿಮಿ ಬೆಳೀತಾವ. ಹೊರಗ ಗುಂಡಿ ಇಲ್ಲಾಂದ್ರ ಥರ್ಮೋಸ್ಟಾಟ್ ಕೆಳಗಿನ ಮುಚ್ಚಳದ ಒಳಗ ಇರ್ತದ, ಸ್ಕ್ರೂಡ್ರೈವರಲೆ ತಿರುಗಿಸೋದು. ಇದನ್ನ ಎಲೆಕ್ಟ್ರಿಷಿಯನ್ ಕಡಿಂದ್ಲೇ ಮಾಡಸ್ರಿ, ಒದ್ದಿ ಬಾತ್‌ರೂಮು, 230 ವೋಲ್ಟು, ಆಟ ಅಲ್ಲ. ಅವ ಬಂದಾಗ ಎಂಸಿಬಿ ಇಳಿಸಿ, ಟೆಸ್ಟರ್ ಹಚ್ಚಿ ನೋಡೇ ಮುಚ್ಚಳ ತಗೀಲಿ, ಅರ್ಥಿಂಗ್ ಸರಿ ಅದನೋ ಅದೂ ನೋಡಸ್ರಿ. ಥರ್ಮೋಸ್ಟಾಟಿನ ಜೊತಿ ಒಂದ್ ಸೇಫ್ಟಿ ಕಟೌಟ್ ಇರ್ತದ, ಪದೇ ಪದೇ ಟ್ರಿಪ್ ಆಗ್ತದ ಅಂತ ಅದನ್ನ ಬೈಪಾಸ್ ಮಾಡಿ ವೈರ್ ಜೋಡಿಸೋ ಹುಡುಗ್ರು ಅದಾರ, ಅಂಥವ್ರನ್ನ ಅಲ್ಲೇ ನಿಲ್ಲಸ್ರಿ.

ನಮ್ಮ ಬೋರಿನ ನೀರು ಸವಳು. ಕಾಯಿಲ್ ಮ್ಯಾಲ ಸುಣ್ಣದ ಪದರು ಕಟ್ತದ, ನೀರು ಹೆಚ್ಚು ಕಾದಷ್ಟು ಹೆಚ್ಚು ಕಟ್ತದ, ಆಮ್ಯಾಲ ನೀರು ಕಾಯಾಕ ಹೊತ್ತು ಹಿಡೀತದ, ಕಡೀಕ ಕಾಯಿಲ್ ಒಡೀತದ. 55ಕ್ಕ ಇಟ್ರ ಇದಕ್ಕೂ ಛಲೋ. ಕಾಯುವಾಗ ಒಳಗ ಕಟಕಟ ಸಪ್ಪಳ ಬರ್ತಿದ್ರ ಪದರು ಕಟ್ಟೇದ ಅಂತ ತಿಳೀರಿ, ಬಿಚ್ಚಿ ತೊಳಸ್ರಿ.

ಫ್ರಿಜ್ಜಿಂದು ಒಂದೇ ಮಾತು. ಅದರ ಗುಂಡಿ ಎಸಿಗೆ ಉಲ್ಟಾ, 1ರಿಂದ 7 ಇದ್ರ 7 ಅಂದ್ರ ಹೆಚ್ಚು ಥಂಡಿ, ಹೆಚ್ಚು ಕರೆಂಟ್. ಬ್ಯಾಸಗ್ಯಾಗ ನಡುವಿನ ನಂಬರ್ ಸಾಕು, ಒಳಗ 4 ಡಿಗ್ರಿ ಇದ್ರ ಹಾಲು ಒಡಿಯಂಗಿಲ್ಲ.

ಇಷ್ಟೆಲ್ಲಾ ಮಾಡಿದ ಮ್ಯಾಲ, ರೀಡಿಂಗ್ ಹುಡುಗ ಬಿಲ್ ಕೊಟ್ಟು ಹೋದ ದಿನಾನೇ ಮೀಟರ್ ನಂಬರ್ ಕ್ಯಾಲೆಂಡರ್ ಮ್ಯಾಲ ಬರ್ಕೋರಿ. ಹತ್ತನೇ ದಿನ ನೋಡಿದ್ರ 66ರ ಒಳಗ ಇರಬೇಕು, ಇಪ್ಪತ್ತನೇ ದಿನ 133. ಇಪ್ಪತ್ತನೇ ದಿನ 145 ಆಗಿತ್ತಂದ್ರ ಗಾಬರಿ ಬ್ಯಾಡ, ಇನ್ನೂ ಹತ್ತು ದಿನ ಕೈಯಾಗ ಅದಾವ, 26 ಇದ್ದದ್ದನ್ನ 27 ಮಾಡ್ರಿ, ನಾಕಕ್ಕ ಆಗೋ ಆಫ್ ಎರಡೂವರೆಗೆ ತರ್ರಿ, ಎರಡು ದಿನ ಬಿಟ್ಟು ಮತ್ತ ನೋಡ್ರಿ. 170 ಆಗಿತ್ತಂದ್ರ ಮನ್ಯಾಗ ಯಾರರ ಹಳೇ ರಿಮೋಟ್ ಬಳಸಾಕತ್ತಾರ ಅಂತ ಅರ್ಥ, ನಮ್ಮಲ್ಲಿ ಅದು ಅಪ್ಪನ ತಲಿದಿಂಬಿನ ಕೆಳಗ ಸಿಕ್ತು.